ಮಳೆಗೆ ನಿಲ್ಲುವ ಬೆಂಚು: ಮರ ಯಾವುದು, ಬಣ್ಣ ಯಾವುದು?

ಪ್ರಶ್ನೆ:
ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಂಗಳಕ್ಕೆ 5 ಅಡಿ ಉದ್ದದ ಬೆಂಚೊಂದನ್ನು ನಾನೇ ಮಾಡಬೇಕೆಂದಿದ್ದೇನೆ. ಮರಗೆಲಸ ನನಗೆ ಹೊಸದು. ಗರಗಸ, ಉಳಿ, ಮೂಲೆಮಟ್ಟ ಮತ್ತು ಡ್ರಿಲ್ ಮೆಷಿನ್ ಇವೆ. ಅಟ್ಟದಲ್ಲಿ ಹಳೆಯ ಹಲಸಿನ ಹಲಗೆಗಳಿವೆ. ಸಾಮಿಲ್ಲಿನಲ್ಲಿ ಹಸಿ ಅಕೇಶಿಯಾ ಅಗ್ಗವಾಗಿ ಸಿಗುತ್ತದೆ. ಮಳೆಗಾಲವಿಡೀ ಹೊರಗೇ ಇರುವ ಬೆಂಚಿಗೆ ಯಾವ ಮರ ಒಳ್ಳೆಯದು, ಯಾವ ಬಣ್ಣ ಬಳಿಯಬೇಕು?

ಉತ್ತರ 1:
ಹಲಸನ್ನೇ ಬಳಸಿ. ಹಸಿ ಅಕೇಶಿಯಾ ಆರುವಾಗ ಸೊಟ್ಟಗಾಗಿ ಸೀಳುತ್ತದೆ. ನಿಮ್ಮ ಹಲಸಾದರೋ ಅಟ್ಟದಲ್ಲಿ ಚೆನ್ನಾಗಿ ಆರಿದೆ. ಹಳದಿ ಚೇಗನ್ನು, ಅಂದರೆ ಮರದ ಗಟ್ಟಿಯಾದ ಒಳಭಾಗವನ್ನು, ಉಳಿಸಿಕೊಂಡು ಅಂಚಿನ ಬಿಳಿ ಭಾಗವನ್ನು ಕೊಯ್ದು ತೆಗೆಯಿರಿ, ಏಕೆಂದರೆ ಗೆದ್ದಲೂ ಕುಟ್ಟೆಯೂ ಮೊದಲು ಹಿಡಿಯುವುದು ಅದನ್ನೇ.

ಬಣ್ಣದ ಮಾತು ಆಮೇಲೆ. ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಯೋಚಿಸಿ. ಮರವನ್ನು ಕೊಳೆಸುವುದು ಸುರಿದು ಹರಿದುಹೋಗುವ ಮಳೆಯಲ್ಲ, ಸಂದುಗಳಲ್ಲಿ ಸೇರಿಕೊಂಡು ದಿನಗಟ್ಟಲೆ ಆರದೆ ಉಳಿಯುವ ತೇವ. ಆದ್ದರಿಂದ ಆಸನಕ್ಕೆ ಒಂದೇ ಅಗಲದ ಹಲಗೆಯನ್ನು ಹಾಕದೆ, 3 ಇಂಚಿನ ಪಟ್ಟಿಗಳನ್ನು ನಡುವೆ ಕಾಲು ಇಂಚು ಬಿಟ್ಟು ಜೋಡಿಸಿ. ನಡುವೆ ಬಾಗದಂತೆ ಅಡಿಯಲ್ಲೊಂದು ಅಡ್ಡಪಟ್ಟಿ ಕೊಡಿ. ಕಾಲಿನ ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿದರೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಕಾಣುತ್ತವೆ. ಮರ ಬದುಕಿದ್ದಾಗ ನೀರು ಏರುತ್ತಿದ್ದ ಕೊಳವೆಗಳ ಬಾಯಿಗಳವು, ಈಗಲೂ ನೆಲದ ತೇವವನ್ನು ಹೀರುತ್ತವೆ. ಆ ತುದಿಗೆ ಎಪಾಕ್ಸಿ ಅಂಟನ್ನು ಎರಡು ಸಲ ಬಳಿದು, ಕಾಲುಗಳನ್ನು ಮಣ್ಣಿನ ಮೇಲಲ್ಲ, ಕಲ್ಲಿನ ಚಪ್ಪಡಿಯ ಮೇಲೆ ನಿಲ್ಲಿಸಿ.

ಉತ್ತರ 2:
ಮೇಲಿನವರ ಮಾತು ಸರಿಯಾಗಿದೆ. ಸ್ಕ್ರೂಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸಿ ಸಡಿಲಿಸುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ, ನಮ್ಮಂತೆ ಕಡಲ ಪಕ್ಕದಲ್ಲಿರುವವರಿಗೆ 316 ಬೇಕು. ಮೊದಲು ಸಣ್ಣ ತೂತು ಕೊರೆಯದೆ ಪಟ್ಟಿಯ ತುದಿಗೆ ಸ್ಕ್ರೂ ತಿರುಗಿಸಿದರೆ ಹಲಗೆ ಸುಲಭವಾಗಿ ಸೀಳುತ್ತದೆ. ಕರಾವಳಿಯಲ್ಲಿ ದೋಣಿಗಳಿಗೆ ಬಳಿಯುವ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯನ್ನು ಕಾಲುಗಳಿಗೆ ಬಳಿಯಬಹುದು, ಆದರೆ ಅದು ಚರ್ಮವನ್ನು ಸುಡುತ್ತದೆ. ಕೈಗವಸು ಹಾಕಿಕೊಳ್ಳಿ, ಆಸನಕ್ಕಂತೂ ಬಳಿಯಲೇಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆಸನಕ್ಕೆ ವಾರ್ನಿಷ್ ಸಾಕೇ?

ಉತ್ತರ 1:
ನಾನಾದರೆ ವಾರ್ನಿಷ್ ಹಾಕುವುದಿಲ್ಲ. ಬಿಸಿಲಿಗೆ ಅದರ ಪದರ ಬಿರಿಯುತ್ತದೆ, ಬಿರುಕಿನಿಂದ ಇಳಿದ ನೀರು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿರುವುದಿಲ್ಲ. ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಎಂಬ ಹೆಸರಿನಲ್ಲಿ ಸಿಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಉಜ್ಜಿ, ಅರ್ಧ ಗಂಟೆಯ ಬಳಿಕ ಹೆಚ್ಚಿನದನ್ನು ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಿ. ಪ್ರತಿವರ್ಷ ಮೇ ತಿಂಗಳಲ್ಲಿ ಇದನ್ನೇ ಪುನಃ ಮಾಡಿದರೆ ಸಾಕು. ಬಿಸಿಲಿಗೆ ಮರ ಬೂದುಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮೇಲ್ಮೈಯ ಬದಲಾವಣೆ ಮಾತ್ರ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತನ್ನಷ್ಟಕ್ಕೇ ಕಾದು ಬೆಂಕಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿದ ಮೇಲೆಯೇ ಬಿಸಾಡಿ.