ಚೆನ್ನಾಗಿ ಆಡಿದವನಿಗೆ ಮತ್ತೆ ಪ್ರವೇಶವಿಲ್ಲ

“ಲೋಕದಲ್ಲಿ ಚೆನ್ನಾಗಿ ಆಡಿದವನನ್ನು ಮುಂದಿನ ಸಲವೂ ಕರೆಯುತ್ತಾರೆ; ಆಫ್ರಿಕಾದ ಈ ‘ಚಾನ್’ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಮಾತ್ರ ಚೆನ್ನಾಗಿ ಆಡಿದವನು ಮತ್ತೆ ಬರಲಾಗದಂತೆ ನಿಯಮ ಮಾಡಿಟ್ಟಿದ್ದಾರೆ” ಎಂದು ರಾಯರು ಘೋಷಿಸಿದೊಡನೆ, ನಮ್ಮ ಭಾನುವಾರದ ಮಂಡಳಿಯಲ್ಲಿ ವಕೀಲರು ಕನ್ನಡಕ ಸರಿಪಡಿಸಿಕೊಂಡರು. ಅಂಥ ನಿಯಮ ಯಾವ ಕಲಮಿನಲ್ಲಿದೆ ಎಂಬುದು ಅವರ ಪ್ರಶ್ನೆ.

ರಾಯರು ವಿವರಿಸಿದರು. 1957ರಿಂದ ನಡೆಯುತ್ತಿರುವ ಆಫ್ರಿಕಾ ಕಪ್ ಆಫ್ ನೇಷನ್ಸ್‌ಗೆ ಯುರೋಪಿನ ಕ್ಲಬ್ಬುಗಳಿಂದ ತಾರೆಯರೆಲ್ಲ ವಿಮಾನವಿಳಿದು ಬರುತ್ತಾರೆ; ಊರಿನ ಲೀಗಿನಲ್ಲೇ ಬೆವರು ಸುರಿಸುವವನಿಗೆ ಅಲ್ಲಿ ಬೆಂಚಿನ ಮೇಲೆ ಜಾಗ ಸಿಕ್ಕರೂ ಪುಣ್ಯ. ಆದ್ದರಿಂದಲೇ ಆಫ್ರಿಕಾದ ಫುಟ್‌ಬಾಲ್ ಒಕ್ಕೂಟವು 2009ರಲ್ಲಿ ಐವರಿ ಕೋಸ್ಟ್‌ನಲ್ಲಿ ಎಂಟು ತಂಡಗಳೊಂದಿಗೆ ಇದನ್ನು ಆರಂಭಿಸಿತು. ಸ್ವಂತ ದೇಶದ ಲೀಗಿನಲ್ಲಿ ಆಡುವವರಿಗಷ್ಟೇ ಇಲ್ಲಿ ಅವಕಾಶ. ಕೀನ್ಯಾದವನು ಪಕ್ಕದ ಟಾಂಜಾನಿಯಾದ ಕ್ಲಬ್ಬಿಗೆ ಸೇರಿದರೂ ಅನರ್ಹನೇ.

“2018ರಲ್ಲಿ ಮೊರಾಕೊದ ಅಯೂಬ್ ಎಲ್ ಕಾಬಿ ಒಂದೇ ಪಂದ್ಯಾವಳಿಯಲ್ಲಿ ಒಂಬತ್ತು ಗೋಲು ಹೊಡೆದ. ಪರಿಣಾಮವೇನು? ಅದೇ ವರ್ಷ ಚೀನಾದ ಕ್ಲಬ್ಬೊಂದು ಅವನನ್ನು ಎತ್ತಿಕೊಂಡು ಹೋಯಿತು. 2024ರಲ್ಲಿ ಯುರೋಪಾ ಕಾನ್ಫರೆನ್ಸ್ ಲೀಗಿನ ಫೈನಲ್‌ನ 116ನೆಯ ನಿಮಿಷದಲ್ಲಿ ಗೋಲು ಹೊಡೆದು ಗ್ರೀಸಿನ ಒಲಿಂಪಿಯಾಕೋಸ್‌ಗೆ ಕಪ್ಪು ಗೆಲ್ಲಿಸಿಕೊಟ್ಟವನೂ ಅವನೇ. ಮಾಲಿಯ ಈವ್ ಬಿಸ್ಸೂಮ 2016ರಲ್ಲಿ ಇಲ್ಲಿ ಆಡಿದ, ಅದೇ ವರ್ಷ ಫ್ರಾನ್ಸಿನ ಲಿಲ್ ಸೇರಿದ.”

“ಹಾಗಾದರೆ ಇದು ವಧೂವರರ ಸಮಾವೇಶ” ಎಂದು ಡಾಕ್ಟರು ರೋಗ ಪತ್ತೆ ಮಾಡಿದರು. “ಸಂಬಂಧ ಕುದುರಿದವರಿಗೆ ಮುಂದಿನ ಸಮಾವೇಶದಲ್ಲಿ ಏನು ಕೆಲಸ?”

ಅಷ್ಟು ಹೊತ್ತು ಚಕ್ಕುಲಿಯ ಹೊರ ಸುತ್ತನ್ನು ಮುರಿಯುವುದರಲ್ಲಿ ಮಗ್ನರಾಗಿದ್ದ ಇತಿಹಾಸದ ಮೇಷ್ಟ್ರು, ಈ ಪಂದ್ಯಾವಳಿಗೆ ಕಾಲಜ್ಞಾನವೇ ಇಲ್ಲವೆಂದು ಆಕ್ಷೇಪಿಸಿದರು. 2020ರದ್ದು 2021ರಲ್ಲಿ ನಡೆಯಿತು, 2022ರದ್ದು 2023ರಲ್ಲಿ, 2024ರದ್ದು 2025ರ ಆಗಸ್ಟ್‌ನಲ್ಲಿ. ಯಾವನಾದರೂ ವಿದ್ಯಾರ್ಥಿ ಹೀಗೆ ಬರೆದಿದ್ದರೆ ತಾವು ಸೊನ್ನೆ ಸುತ್ತುತ್ತಿದ್ದುದಾಗಿ ಅವರು ಹೇಳಿದರು. ಆದರೆ 2014ರ ಲಿಬಿಯಾ ತಂಡದ ಮೇಲೆ ಅವರಿಗೆ ಅಪಾರ ಮಮತೆ. ದೇಶದೊಳಗೆ ಬಂದೂಕುಗಳ ಸದ್ದು ನಿಲ್ಲದಿದ್ದ ಆ ಕಾಲದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದ ಆ ತಂಡ ಇಥಿಯೋಪಿಯಾವನ್ನು ಸೋಲಿಸಿತು, ಗುಂಪಿನ ಉಳಿದೆರಡು ಪಂದ್ಯಗಳನ್ನು ಡ್ರಾ ಮಾಡಿಕೊಂಡಿತು. ಅನಂತರ ಗ್ಯಾಬನ್, ಜಿಂಬಾಬ್ವೆ, ಫೈನಲ್‌ನಲ್ಲಿ ಘಾನಾ, ಹೀಗೆ ಮೂವರನ್ನೂ ಪೆನಾಲ್ಟಿ ಶೂಟೌಟಿನಲ್ಲೇ ದಾಟಿಕೊಂಡು ಕಪ್ಪು ಎತ್ತಿತು.

“ಇಡೀ ಪಂದ್ಯಾವಳಿಯಲ್ಲಿ ಆಟದ ಅವಧಿಯೊಳಗೆ ಗೆದ್ದದ್ದು ಒಂದೇ ಒಂದು ಪಂದ್ಯ!” ಎಂದರು ಮೇಷ್ಟ್ರು, ಸ್ವತಃ ತಾವೇ ತರಬೇತಿ ಕೊಟ್ಟವರಂತೆ.

“ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದ್ದಾರೆ” ಎಂಬುದು ವಕೀಲರ ಅಭಿಪ್ರಾಯ.

ಸತತ ಎರಡು ಸಲ ಗೆದ್ದಿದ್ದ ಮೊರಾಕೊ ಮೂರನೆಯ ಸಲ ಸೋಲದೆಯೇ ಕಿರೀಟ ಕಳೆದುಕೊಂಡ ಕಥೆ ಇನ್ನೂ ಸ್ವಾರಸ್ಯದ್ದು. 2023ರ ಜನವರಿಯಲ್ಲಿ ಆತಿಥ್ಯ ಆಲ್ಜೀರಿಯಾದ್ದು. ಆಲ್ಜೀರಿಯಾವೋ 2021ರಿಂದಲೇ ಮೊರಾಕೊದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತ್ತು. ತಮ್ಮದೇ ವಿಮಾನದಲ್ಲಿ ನೇರವಾಗಿ ಕಾನ್‌ಸ್ಟಂಟೈನ್ ನಗರಕ್ಕೆ ಹಾರುತ್ತೇವೆ, ಇಲ್ಲವಾದರೆ ಬರುವುದೇ ಇಲ್ಲ ಎಂದು ಮೊರಾಕೊ ಪಟ್ಟು ಹಿಡಿಯಿತು. ಅನುಮತಿ ಬರಲಿಲ್ಲ, ತಂಡವೂ ಹೋಗಲಿಲ್ಲ. ಆ ಸಲ ಸೆನೆಗಲ್ ಗೆದ್ದಿತು. ನೆರೆಮನೆಯ ಜಗಳದಲ್ಲಿ ಆಕಾಶಕ್ಕೂ ಬೇಲಿ ಹಾಕಬಹುದೆಂದು ತಿಳಿದು ವಕೀಲರು ಹಿಗ್ಗಿದ್ದು ನನಗೆ ಸರಿಕಾಣಲಿಲ್ಲ.

ಡಾಕ್ಟರು ಮಾತನ್ನು ನೈರೋಬಿಗೆ ತಂದರು. 2025ರಲ್ಲಿ ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳು ಒಟ್ಟಾಗಿ ಆತಿಥ್ಯ ವಹಿಸಿದ್ದವು. ಪ್ರತಿ ಗೆಲುವಿಗೂ ಪ್ರತಿಯೊಬ್ಬ ಆಟಗಾರನಿಗೆ ಹತ್ತು ಲಕ್ಷ ಶಿಲ್ಲಿಂಗ್ ಕೊಡುವುದಾಗಿ ಕೀನ್ಯಾದ ಅಧ್ಯಕ್ಷರು ಸಾರಿಬಿಟ್ಟರು. ಕಸರಾನಿ ಮೈದಾನದಲ್ಲಿ ಕೀನ್ಯಾದ ರಯಾನ್ ಒಗಾಂ ಮೊರಾಕೊ ವಿರುದ್ಧ ಗೋಲು ಹೊಡೆದ. ವಿರಾಮಕ್ಕೆ ಮುನ್ನ ಒಬ್ಬನಿಗೆ ಕೆಂಪು ಕಾರ್ಡು ಸಿಕ್ಕಿ, ಉತ್ತರಾರ್ಧವನ್ನೆಲ್ಲ ಹತ್ತೇ ಜನ ಆಡಿ ಆ ಒಂದು ಗೋಲನ್ನು ಕಾಪಾಡಿಕೊಂಡರು. ಕ್ವಾರ್ಟರ್ ಫೈನಲ್‌ನಲ್ಲಿ ಮಡಗಾಸ್ಕರ್ ಅವರನ್ನು ಪೆನಾಲ್ಟಿಯಲ್ಲಿ ಮನೆಗೆ ಕಳುಹಿಸಿತು. ಫೈನಲ್‌ನಲ್ಲಿ ಅದೇ ಮಡಗಾಸ್ಕರ್ 2-2ರಲ್ಲಿ ಸಮಮಾಡಿಕೊಂಡು ಕುಳಿತಿದ್ದಾಗ, ಗೋಲ್‌ಕೀಪರ್ ಮುಂದೆ ಬಂದು ನಿಂತಿರುವುದನ್ನು ಮೊರಾಕೊದ ಉಸಾಮಾ ಲಮ್ಲಿಯುಯಿ ಸುಮಾರು 40 ಮೀಟರು ದೂರದಿಂದ ಗಮನಿಸಿ ಚೆಂಡನ್ನು ಅವನ ತಲೆಯ ಮೇಲಿಂದ ಬಲೆಗೆ ಇಳಿಸಿದ. ಇದನ್ನು ಅಭಿನಯಿಸಿ ತೋರಿಸಲು ಎದ್ದ ಡಾಕ್ಟರನ್ನು, ಕಾಲಬಳಿಯಿದ್ದ ಕಾಫಿ ಲೋಟದ ಹಿತದೃಷ್ಟಿಯಿಂದ, ನಾವು ಕೂರಿಸಿದೆವು.

“ಒಗಾಂ ಎಲ್ಲಿ ಈಗ?” ಎಂದರು ವಕೀಲರು.

“ಅದೇ ತಿಂಗಳು ಆಸ್ಟ್ರಿಯಾದ ಕ್ಲಬ್ಬಿಗೆ ಹೋದ” ಎಂದ ರಾಯರ ಮುಖದಲ್ಲಿ ವಿಜಯದ ಕಳೆಯಿತ್ತು.

“ತಪ್ಪು ಮಾಡಿದ. ಊರಲ್ಲಿ ಉಳಿದವನು ಈ ಪಂದ್ಯಾವಳಿಯನ್ನೂ ಆಡಬಹುದು, ಆಯ್ಕೆಯಾದರೆ ದೊಡ್ಡ ಕಪ್ಪನ್ನೂ ಆಡಬಹುದು. ಹೊರಗೆ ಹೋದವನಿಗೆ ಒಂದೇ. ಕಾನೂನಿನ ದೃಷ್ಟಿಯಲ್ಲಿ ಊರಲ್ಲಿ ಉಳಿಯುವುದೇ ಲಾಭ.”

ವಕೀಲರ ಇಬ್ಬರು ಗಂಡುಮಕ್ಕಳೂ ಕೆನಡಾದಲ್ಲಿರುವ ಸಂಗತಿಯನ್ನು ಎತ್ತಲು ಮೇಷ್ಟ್ರು ಬಾಯಿ ತೆರೆದರಾದರೂ, ಚಕ್ಕುಲಿಯ ಡಬ್ಬಿ ಬಂದದ್ದು ವಕೀಲರ ಮನೆಯಿಂದಲೇ ಆದುದರಿಂದ, ಇನ್ನೊಂದನ್ನು ತೆಗೆದುಕೊಂಡು ಬಾಯಿ ಮುಚ್ಚಿದರು.