ಸಹಾಯ ಬೇಕು: ಕನ್ನಡಿ 85 ಕೆಲ್ವಿನ್, ಡಿಟೆಕ್ಟರ್ ಮಾತ್ರ ಯಾಕೆ 0.3?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಸೆಮಿನಾರ್‌ಗೆ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದಲ್ಲಿದ್ದ, ಅತಿಗೆಂಪು ಬೆಳಕನ್ನು ನೋಡುವ ಸ್ಪೈರ್ ಉಪಕರಣವನ್ನು ಆರಿಸಿಕೊಂಡಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

2009ರಲ್ಲಿ ಹಾರಿದ ಹರ್ಷೆಲ್‌ನ 3.5 ಮೀಟರ್ ಕನ್ನಡಿ ಸುಮಾರು 85 ಕೆಲ್ವಿನ್‌ನಲ್ಲಿತ್ತು. ಸ್ಪೈರ್ ನೋಡುತ್ತಿದ್ದ 250, 350, 500 ಮೈಕ್ರಾನ್‌ಗಳಲ್ಲಿ ಆ ಕನ್ನಡಿಯೇ ಹೊಳೆಯುತ್ತಿತ್ತು, ದೂರದ ಗ್ಯಾಲಕ್ಸಿಗಳಿಗಿಂತ ಎಷ್ಟೋ ಜಾಸ್ತಿ. ಹಗಲಲ್ಲಿ ನಕ್ಷತ್ರ ಹುಡುಕಿದ ಹಾಗೆ! ಅಂದರೆ ಕನ್ನಡಿಯ ಫೋಟಾನ್ ಗದ್ದಲ (ಅದರ ಬೆಳಕಿನ ಕಣಗಳು ಏರುಪೇರಾಗಿ ಬೀಳುವುದರಿಂದ ಆಗುವ ಏರಿಳಿತ) ಹೇಗಿದ್ದರೂ ತಪ್ಪಿದ್ದಲ್ಲ, ಅಲ್ವಾ? ಆದರೂ ಬಿದ್ದ ಬೆಳಕಿನ ಬಿಸಿಯನ್ನು ಅಳೆಯುವ ಡಿಟೆಕ್ಟರ್‌ಗಳಾದ ಬೋಲೋಮೀಟರ್‌ಗಳನ್ನು ಹೀಲಿಯಂ-3 ಕೂಲರ್‌ನಿಂದ 0.3 ಕೆಲ್ವಿನ್‌ಗೆ ಇಳಿಸಿದ್ದರು. ಉಪಕರಣಗಳನ್ನು ತಂಪಾಗಿಡುವ ಹೀಲಿಯಂ ಟ್ಯಾಂಕ್ ಆಗಲೇ 1.7 ಕೆಲ್ವಿನ್ ಹತ್ತಿರ ಇತ್ತು. ಅಷ್ಟು ಸಾಲದೇ?

ಬೋಲೋಮೀಟರಿನ ಸ್ವಂತ ಶಾಖದ ಗದ್ದಲ ತಾಪಮಾನವನ್ನು ಶಾಖವಾಹಕತೆಯ (ಬೋಲೋಮೀಟರಿನಿಂದ ಕೂಲರ್ ಕಡೆಗೆ ಶಾಖ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ) ವರ್ಗಮೂಲದಿಂದ ಗುಣಿಸಿದಂತೆ ಏರುತ್ತದೆ. ಪಠ್ಯದಲ್ಲಿ ಇಷ್ಟು ಸಿಕ್ಕಿತು. 1.7 ಮತ್ತು 0.3 ಎರಡನ್ನೂ ಹಾಕಿ ಲೆಕ್ಕ ಮಾಡಿದೆ. ವಾಹಕತೆಯನ್ನು ಒಂದೇ ಇಟ್ಟರೆ ಒಂದು ಉತ್ತರ, ತಾಪಮಾನದ ಜೊತೆ ಇಳಿಸಿದರೆ ಇನ್ನೊಂದು. ಗೈಡ್ ಸರ್ ರಜೆಯಲ್ಲಿದ್ದಾರೆ, ಸುಮ್ನೆ ಊಹಿಸಿ ಸ್ಲೈಡ್‌ನಲ್ಲಿ ಹಾಕೋಕೆ ಧೈರ್ಯವಿಲ್ಲ.

ಡಿಟೆಕ್ಟರ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ: ಕನ್ನಡಿಯಿಂದ ಬೀಳುವ ಶಕ್ತಿಯನ್ನು ನೋಡಿ ಮೊದಲು ವಾಹಕತೆಯನ್ನು ನಿರ್ಧರಿಸಿ, ಆಮೇಲೆ ತಾಪಮಾನವನ್ನು ಆರಿಸಬೇಕೋ? ಅಥವಾ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕೋ?