ಸಹಾಯ ಬೇಕು: ಕರವಾಜ್ಜೊ ಪ್ರತಿಯಲ್ಲಿ ಕತ್ತಲಿನ ಭಾಗ ಮಂಕಾಗಿದೆ

ರೋಮಿನ ಸ್ಯಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿರುವ, ಇಟಲಿಯ ಚಿತ್ರಕಾರ ಕರವಾಜ್ಜೊನ 1599–1600ರ ‘ಸಂತ ಮತ್ತಾಯನಿಗೆ ಕರೆ’ ತೈಲಚಿತ್ರದ ಅಭ್ಯಾಸ ಪ್ರತಿ ಇದು. ಮೂಲ ಸುಮಾರು 322×340 ಸೆಂ.ಮೀ.; ಪ್ರತಿ ಅದರ ಕಾಲು ಅಳತೆ. ಕ್ಯಾನ್ವಾಸಿಗೆ ಎರಡು ಕೋಟ್ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ), ಅದರ ಮೇಲೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣದ ತೆಳು ಲೇಪ.

ಬೆಳಕಿನ ಪಟ್ಟಿ, ಕ್ರಿಸ್ತನ ಚಾಚಿದ ಕೈ ಚೆನ್ನಾಗಿಯೇ ಕೂತಿವೆ. ತೊಂದರೆಯೆಲ್ಲ ಹಿಂದಿನ ಗೋಡೆಯದು: ಒಣಗಿದ ಮೇಲೆ ಅಂಬರ್ ಬಳಿದ ಕಡೆ ಬೂದು ಮಚ್ಚೆ, ಪಕ್ಕದ ಕಪ್ಪು ಮಾತ್ರ ಮಿರಮಿರ. ಜೆಸ್ಸೊ ಬಣ್ಣದ ಎಣ್ಣೆ ಹೀರಿದೆ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಕೂಡ ಸ್ವಲ್ಪ ಕೈಮೀರಿತ್ತು.

ಅಗಸೆ ಎಣ್ಣೆ ತೆಳ್ಳಗೆ ಸವರಿ, ಹತ್ತಿಬಟ್ಟೆಯಲ್ಲಿ ಪೂರ್ತಿ ಒರೆಸಿ ಮುಂದುವರಿಯಬೇಕೋ, ರಿಟಚ್ ವಾರ್ನಿಶ್ (ಕೆಲಸದ ನಡುವೆ ಹಚ್ಚುವ ತೆಳು ವಾರ್ನಿಶ್) ಹಾಕಬೇಕೋ? ಎಣ್ಣೆ ಉಳಿದರೆ ಹಳದಿಯಾಗುತ್ತದೆ. ವಾರ್ನಿಶ್ ಮೇಲೆ ಗ್ಲೇಜ್ (ಪಾರದರ್ಶಕ ತೆಳು ಬಣ್ಣದ ಪದರ) ಎಳೆದರೆ, ಮುಂದೆ ವಾರ್ನಿಶ್ ತೆಗೆಯುವಾಗ ಗ್ಲೇಜೂ ಎದ್ದುಬರಬಹುದು. ಎಣ್ಣೆಗೆ ಟರ್ಪೆಂಟೈನ್ ಎಷ್ಟು ಪಾಲು ಬೆರೆಸುತ್ತೀರಿ, ಎಷ್ಟು ದಿನ ಬಿಡುತ್ತೀರಿ? ಮಾಡಿ ನೋಡಿದವರು ತಿಳಿಸಿ.